ಬಾಯಿ ಜೋರಿನವರಿಂದ ಕೆಲಸ ಆಗುತ್ತದಾ?

ಕಾಸರಗೋಡಿನ ಕಡೆ ಚುನಾವಣೆ ಹತ್ತಿರ ಬಂತೆಂದರೆ ಎರಡು ಮಾತು ಖಂಡಿತ ಕಿವಿಗೆ ಬೀಳುತ್ತವೆ. "ಅವರು ಯಾರಿಗೂ ಹೆದರುವವರಲ್ಲ ಮಾರಾಯ್ರೇ, ಮುಖದ ಮೇಲೆಯೇ ಹೇಳಿಬಿಡುತ್ತಾರೆ" ಅನ್ನುವುದು ಒಂದು. "ಮಾತು ಬಿಟ್ಟರೆ ಎಂತ ಉಂಟು ಅವರಲ್ಲಿ?" ಅನ್ನುವುದು ಇನ್ನೊಂದು. ತಮಾಷೆ ಏನೆಂದರೆ ಎರಡೂ ಒಬ್ಬರ ಬಗ್ಗೆಯೇ ಇರುತ್ತವೆ. ವರ್ಷಗಟ್ಟಲೆ ಸದನದಲ್ಲಿ ಕೂತವರು, ಮಂತ್ರಿ ಆಗದವರು, ಎದುರು ಪಕ್ಷದವರನ್ನು ಬೈದ ಮೇಲೆ ತಮ್ಮ ಪಕ್ಷದವರನ್ನೂ ಒಂದು ಸುತ್ತು ಬೈಯುವವರು. ಹಿಂದಿನ ಸಾಲಿನ ಹಿರಿಯರು. ಎಲ್ಲಾ ಪಕ್ಷದಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಪಕ್ಷಕ್ಕೆ ಅವರನ್ನು ಬಿಡಲಿಕ್ಕೂ ಆಗುವುದಿಲ್ಲ, ಇಟ್ಟುಕೊಳ್ಳಲಿಕ್ಕೂ ಕಷ್ಟ.

ಇಂಥವರಿಂದ ನಿಜವಾಗಿ ಏನಾದರೂ ಉಪಯೋಗ ಉಂಟಾ? ಗಡಿಯಲ್ಲಿರುವ ನಮಗೆ ಇದು ಚಹಾ ಕುಡಿಯುತ್ತಾ ಹೊತ್ತು ಕಳೆಯಲು ಆಡುವ ಮಾತಲ್ಲ. ಕೇರಳ ವಿಧಾನಸಭೆಯಲ್ಲಿ 140 ಸೀಟು. ಕಾಸರಗೋಡು ಜಿಲ್ಲೆಗೆ ಐದು. ಅದರಲ್ಲೂ ಕನ್ನಡದವರ ಮತಕ್ಕೆ ಅಭ್ಯರ್ಥಿಗಳು ತಲೆಕೆಡಿಸಿಕೊಳ್ಳುವುದು ಮಂಜೇಶ್ವರದಲ್ಲಿ, ಸ್ವಲ್ಪ ಮಟ್ಟಿಗೆ ಕಾಸರಗೋಡಿನಲ್ಲಿ. ಉದುಮ ದಾಟಿದರೆ ಲೆಕ್ಕವೇ ಬೇರೆ. 140ರಲ್ಲಿ ಎರಡು ಸೀಟು ಇಟ್ಟುಕೊಂಡು ಮಸೂದೆ ತಡೆಯುವುದು ಹೋಗಲಿ, ತಿದ್ದುಪಡಿ ಹಾಕಿಸುವುದೂ ಕಷ್ಟ. ಕೈಯಲ್ಲಿ ಇರುವುದು ಬಾಯಿ ಮಾತ್ರ. ಹಾಗಾಗಿ ಬಾಯಿಯಿಂದ ಎಷ್ಟು ಕೆಲಸ ಆಗುತ್ತದೆ ಅನ್ನುವುದು ನಮಗೆ ಗೊತ್ತಿರಬೇಕು.

ನಮ್ಮದು ತಾಳಮದ್ದಳೆಯ ಊರು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಬರೀ ಮಾತಿನಲ್ಲೇ ಯಕ್ಷಗಾನ ಪ್ರಸಂಗ ನಡೆಸುವ ಊರು. ಮಾತಿನ ರುಚಿ ಗೊತ್ತಿರುವ ಜನ. ಕರ್ಣನ ಅರ್ಥ ಹೇಳುವವರು ಒಳ್ಳೆಯ ಲಹರಿಯಲ್ಲಿದ್ದರೆ ಕೃಷ್ಣನ ಬಾಯಿ ಕಟ್ಟಿಹಾಕುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಭಾಗವತರ ಎದುರು ಇರುವ ಪ್ರಸಂಗದ ಪದ್ಯ ಬದಲಾಗುವುದಿಲ್ಲ. ಬೆಳಗಿನೊಳಗೆ ಕರ್ಣ ಸಾಯಲೇಬೇಕು. ವಿಧಾನಸಭೆಯೂ ಹೆಚ್ಚುಕಡಿಮೆ ಹೀಗೆಯೇ. ಬಹುಮತ ಯಾರದ್ದೆಂದು ಮೊದಲೇ ಗೊತ್ತಿರುತ್ತದೆ. ಹಿಂದಿನ ಸಾಲಿನವರು ಎಷ್ಟೇ ಗುಡುಗಲಿ, ಮತಕ್ಕೆ ಹಾಕಿದಾಗ ಪದ್ಯದಲ್ಲಿದ್ದದ್ದೇ ಆಗುತ್ತದೆ.

ಆದರೂ ಒಂದು ವ್ಯತ್ಯಾಸ ಉಂಟು. ಸದನದಲ್ಲಿ ಆಡಿದ್ದನ್ನು ಬರೆದಿಡುತ್ತಾರೆ. ಮಂತ್ರಿ ಕೊಟ್ಟ ಉತ್ತರವನ್ನೂ ಬರೆದಿಡುತ್ತಾರೆ. "ಕ್ರಮ ಕೈಗೊಳ್ಳುತ್ತೇವೆ" ಎಂದು ಮಂತ್ರಿ ಹೇಳಿದರೆ ಅದು ಭರವಸೆ ಅಂತ ಲೆಕ್ಕ. ಈ ಭರವಸೆಗಳ ಬೆನ್ನು ಹತ್ತಲಿಕ್ಕೇ ಶಾಸಕರ ಒಂದು ಸಮಿತಿ ಇದೆ. ಲೋಕಸಭೆಯಲ್ಲಾದರೆ ಮೂರು ತಿಂಗಳೊಳಗೆ ಈಡೇರಿಸಬೇಕು. ಹಾಗಾಗಿ ನಾನು ಈ ಹಿರಿಯರನ್ನು ಅಳೆಯುವುದು ಒಂದೇ ಪ್ರಶ್ನೆ ಇಟ್ಟುಕೊಂಡು: ಅವರ ಜೋರು ಮಾತು ಕಡತಕ್ಕೆ ಹತ್ತಿತಾ? ಹತ್ತಿದ್ದರೆ ಅವರು ಹಿಂದಿನ ಸಾಲಿನಲ್ಲಿ ಕೂತೇ ಕೆಲಸ ಮಾಡಿದ್ದಾರೆ. ಹತ್ತದಿದ್ದರೆ ನಾವು ಕೇಳಿ ಖುಷಿಪಟ್ಟೆವು, ಅಷ್ಟೇ.

ಕಡತಕ್ಕೆ ಹತ್ತಿಸುವುದು ಅಂದರೆ ಏನೆಂದು ಗೊತ್ತಾಗಬೇಕಾದರೆ ಫಿರೋಜ್ ಗಾಂಧಿಯ ಕತೆ ಓದಬೇಕು. ನೆಹರೂ ಅಳಿಯ ಅಂತ ಮಾತ್ರ ಜನ ನೆನಪಿಟ್ಟುಕೊಂಡಿದ್ದಾರೆ. ರಾಯಬರೇಲಿಯ ಸಂಸದ, ಆಡಳಿತ ಪಕ್ಷದವರೇ, ಕೂತದ್ದು ಹಿಂದೆ. 1957ರ ಡಿಸೆಂಬರಿನಲ್ಲಿ ಅವರು ಎದ್ದು ನಿಂತು, ಹಿಂದಿನ ವರ್ಷವಷ್ಟೇ ಹುಟ್ಟಿದ ಎಲ್‌ಐಸಿಯ ಹಣ ಸುಮಾರು 1.24 ಕೋಟಿ ರೂಪಾಯಿ ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಯ ಆರು ಕಂಪೆನಿಗಳಿಗೆ ಹೋದದ್ದು ಹೇಗೆ ಎಂದು ಕೇಳಿದರು. ಸುಮ್ನೆ ಕೂಗಾಡಲಿಲ್ಲ. ತಾರೀಕು, ಷೇರಿನ ದರ, ಪತ್ರವ್ಯವಹಾರ ಎಲ್ಲಾ ಕೈಯಲ್ಲಿಟ್ಟುಕೊಂಡು ಕೇಳಿದರು. ಸರಕಾರ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ನೇಮಿಸಬೇಕಾಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮಾವನ ಸರಕಾರದ ಮಂತ್ರಿಯನ್ನು ಅಳಿಯ ಮನೆಗೆ ಕಳಿಸಿದ ಹಾಗಾಯಿತು!

ಇದಕ್ಕಿಂತಲೂ ನನಗೆ ಇಷ್ಟವಾದದ್ದು ಅವರ ಇನ್ನೊಂದು ಕೆಲಸ. ಸದನದಲ್ಲಿ ನಡೆದದ್ದನ್ನು ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ಕೊಡುವ ಖಾಸಗಿ ಮಸೂದೆಯನ್ನು, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವಂಥ ಮಸೂದೆಯನ್ನು, ಅವರು ತಂದರು. 1956ರಲ್ಲಿ ಅದು ಕಾಯ್ದೆಯೂ ಆಯಿತು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ರದ್ದು ಮಾಡಿದರು. 1977ರಲ್ಲಿ ಮತ್ತೆ ತಂದರು. ಖಾಸಗಿ ಮಸೂದೆ ಕಾಯ್ದೆ ಆಗುವುದು ಎಷ್ಟು ಅಪರೂಪ ಅಂದರೆ, ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಇದುವರೆಗೆ ಹಾಗೆ ಆದದ್ದು 14 ಮಾತ್ರ. ಕೊನೆಯದ್ದು 1970ರಲ್ಲಿ. ಆಮೇಲೆ ಒಂದೂ ಇಲ್ಲ. ಶುಕ್ರವಾರ ಮಧ್ಯಾಹ್ನದ ಮೇಲೆ, ಊರಿಗೆ ಹೋಗುವ ವಿಮಾನದ ಚಿಂತೆಯಲ್ಲಿರುವ ಸದಸ್ಯರ ಎದುರು ಚರ್ಚೆಗೆ ಬರುವ ಮಸೂದೆಗಳು ಅವು.

ಇಂಗ್ಲೆಂಡಿನಲ್ಲಿ ಡೆನ್ನಿಸ್ ಸ್ಕಿನ್ನರ್ ಎಂಬವರಿದ್ದರು. ಗಣಿ ಕಾರ್ಮಿಕರಾಗಿದ್ದವರು. 1970ರಿಂದ 2019ರವರೆಗೆ ಬೋಲ್ಸೋವರ್ ಕ್ಷೇತ್ರದ ಸಂಸದ, ಲೇಬರ್ ಪಕ್ಷ. ಮಂತ್ರಿ ಆಗಲಿಲ್ಲ. ರಾಣಿಯ ಪ್ರತಿನಿಧಿ ಬಾಗಿಲಿಗೆ ಬಂದು ಸಂಸದರನ್ನು ಕರೆಯುವ ದಿನ ಏನಾದರೂ ಒಂದು ಚಾಟಿ ಮಾತು ಎಸೆಯುವುದು ಅವರ ವಾರ್ಷಿಕ ಕಾರ್ಯಕ್ರಮ. ಜನ ನೆನಪಿಟ್ಟುಕೊಂಡದ್ದು ಅದನ್ನೇ. ಆದರೆ 1985ರಲ್ಲಿ ಅವರು ಮಾಡಿದ ಒಂದು ಕೆಲಸ ನೋಡಿ. ಭ್ರೂಣದ ಮೇಲಿನ ಸಂಶೋಧನೆಗೆ ತಡೆ ಹಾಕಲು ಎನಾಕ್ ಪವೆಲ್ ತಂದಿದ್ದ ಖಾಸಗಿ ಮಸೂದೆಗೆ ಒಂದು ಶುಕ್ರವಾರ ಸಮಯ ಕೊಟ್ಟಿದ್ದರು. ಸ್ಕಿನ್ನರ್ ಎದ್ದು, ಬ್ರೆಕನ್ ಮತ್ತು ರಾಡ್ನರ್ ಎಂಬ ಕ್ಷೇತ್ರದ ಉಪಚುನಾವಣೆಗೆ ಆದೇಶ ಹೊರಡಿಸಬೇಕೆಂದು ಸೂಚನೆ ಮಂಡಿಸಿದರು. ನಿಯಮದ ಪ್ರಕಾರ ಅಂಥ ಸೂಚನೆಗೆ ಬೇರೆಲ್ಲದಕ್ಕಿಂತ ಮೊದಲ ಸ್ಥಾನ. ಗಂಟೆಗಟ್ಟಲೆ ಅದರ ಮೇಲೆ ಮಾತು ನಡೆಯಿತು. ಹೊತ್ತು ಮುಗಿಯಿತು. ಮಸೂದೆ ಸತ್ತಿತು. ಮಸೂದೆ ಸರಿಯೋ ತಪ್ಪೋ ಅದು ಬೇರೆ ವಿಷಯ. ಅದನ್ನು ಕೊಂದದ್ದು ಬಾಯಿ ಜೋರಲ್ಲ, ನಿಯಮದ ಪುಸ್ತಕ. ಯಾವ ಬಾಗಿಲು ಎಲ್ಲಿ ತೆರೆಯುತ್ತದೆ ಅಂತ ಗೊತ್ತಾಗಲಿಕ್ಕೆ ಸದನದಲ್ಲಿ ತುಂಬಾ ವರ್ಷ ಕೂರಬೇಕು. ಹಿರಿತನಕ್ಕೆ ಬೆಲೆ ಇರುವುದು ಅಲ್ಲಿ.

ಈಗ ನಮ್ಮ ಊರಿಗೆ ಬರೋಣ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಮರುವರ್ಷ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಗೆದ್ದರು. ಪಕ್ಷೇತರರಾಗಿ. ಆಮೇಲೆ 1960ರಲ್ಲಿ, 1965ರಲ್ಲಿ, 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು. ಕರ್ನಾಟಕ ಸಮಿತಿಯ ಬಲದಿಂದ, ಒಂದೇ ವಿಷಯ ಇಟ್ಟುಕೊಂಡು: ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು. 1967ರಲ್ಲಿ ಕಾಸರಗೋಡು ಕ್ಷೇತ್ರದಲ್ಲಿ ಯು.ಪಿ. ಕುಣಿಕುಳ್ಳಾಯರೂ ಗೆದ್ದರು. ತಮ್ಮ ಕ್ಷೇತ್ರ ಈ ರಾಜ್ಯದಲ್ಲೇ ಇರಬಾರದು ಎಂದು ಹೇಳಿ ಆ ರಾಜ್ಯದ ವಿಧಾನಸಭೆಗೇ ಹೋಗಿ ಕೂರುವುದು! ಇದಕ್ಕಿಂತ ಹಿಂದಿನ ಬೆಂಚು ಇನ್ನೆಲ್ಲಿ ಸಿಗಬೇಕು?

ಅದೇ 1967ರಲ್ಲಿ, ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗದ ವರದಿ ಬಂತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಎಂದಿತು. ವರದಿ ಜಾರಿಯಾಗಲಿಲ್ಲ. 1970ರಲ್ಲಿ ಭಂಡಾರಿಯವರ ಸ್ಥಾನಕ್ಕೆ ಸಿಪಿಐಯ ಎಂ. ರಾಮಪ್ಪ ಬಂದರು. ಗುರಿ ಮುಟ್ಟಿತಾ ಅಂತ ಕೇಳಿದರೆ ಉತ್ತರ ಸ್ಪಷ್ಟ: ಇಲ್ಲ. ಹಾಗಾದರೆ ಆ ಹತ್ತು ವರ್ಷ ವ್ಯರ್ಥವಾ?

ನನಗೆ ಹಾಗನಿಸುವುದಿಲ್ಲ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯನ್ನು ನೋಡಿ. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿನ ಜೊತೆ, ಇಲಾಖಾ ಮುಖ್ಯಸ್ಥರ ಜೊತೆ, ತಮ್ಮ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು ಎಂದು ಅದರಲ್ಲಿ ಇದೆ. ಇದಕ್ಕೆ ಯಾರೋ ಒಬ್ಬರ ಭಾಷಣವನ್ನು ಕಾರಣ ಮಾಡುವುದು ತಪ್ಪಾಗುತ್ತದೆ. ಸಂವಿಧಾನದ 350ನೇ ವಿಧಿ ಇತ್ತು, ಭಾಷಾ ಅಲ್ಪಸಂಖ್ಯಾತರಿಗಾಗಿ 1956ರಲ್ಲಿ ಸೇರಿಸಿದ 350ಎ ಮತ್ತು 350ಬಿ ಇದ್ದವು, ಬೀದಿಯಲ್ಲಿ ಚಳವಳಿ ಇತ್ತು. ಆದರೆ ಒಂದು ಊರು ಪ್ರತಿ ಚುನಾವಣೆಯಲ್ಲೂ "ನಾವು ಇಲ್ಲಿ ಖುಷಿಯಲ್ಲಿಲ್ಲ" ಎಂದು ಒಬ್ಬರನ್ನು ಕಳಿಸುತ್ತಾ ಇದ್ದರೆ ರಾಜಧಾನಿಯವರು ಆ ಊರನ್ನು ಮರೆಯಲಿಕ್ಕಾಗುವುದಿಲ್ಲ. ಇವತ್ತು ತಾಲೂಕು ಕಚೇರಿಯ ಕೌಂಟರಿನಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟು, "ಮಲಯಾಳದಲ್ಲಿ ಬರೆದುಕೊಂಡು ಬನ್ನಿ" ಅಂತ ಬೈಸಿಕೊಂಡವರಿಗೆ ತೋರಿಸಲಿಕ್ಕೆ ಇರುವುದು ಆ ಒಂದು ಕಲಮು.

ಕರ್ನಾಟಕದಲ್ಲಿ ಶಾಂತವೇರಿ ಗೋಪಾಲಗೌಡರ ಕತೆಯೂ ಇದೇ ಧಾಟಿಯದ್ದು. ಸಮಾಜವಾದಿ, 1952ರಲ್ಲಿ ಮೊದಲ ಸಲ ಶಾಸಕ, ಎಂದೂ ಮಂತ್ರಿಯಾಗದವರು. ಕಾಗೋಡಿನ ಗೇಣಿದಾರರ ಪರ ಜೈಲಿಗೆ ಹೋದವರು. ಸದನದಲ್ಲಿ ಅವರು ಎದ್ದು ನಿಂತರೆ ಮಂತ್ರಿಗಳು ಕಡತ ತೆರೆದಿಟ್ಟುಕೊಳ್ಳುತ್ತಿದ್ದರು ಅಂತ ಹಳಬರು ಈಗಲೂ ಹೇಳುತ್ತಾರೆ. ಅವರು ತೀರಿಕೊಂಡದ್ದು 1972ರಲ್ಲಿ. ಅವರು ಕೇಳುತ್ತಾ ಬಂದಿದ್ದ ಭೂಸುಧಾರಣೆ ಗಟ್ಟಿಯಾಗಿ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ, ದೇವರಾಜ ಅರಸರ ಕಾಲದಲ್ಲಿ. ಜನ ಅದನ್ನು ಅರಸರ ಕಾಯ್ದೆ ಅನ್ನುತ್ತಾರೆ. ಅದರಲ್ಲಿ ತಪ್ಪಿಲ್ಲ, ಜಾರಿ ಮಾಡಿದ್ದು ಅವರೇ. ಆದರೆ ಹಿಂದಿನ ಸಾಲಿನವರ ಪಾಡು ಯಾವಾಗಲೂ ಹೀಗೆ. ಕೆಲಸ ಆದರೆ ಅದರ ಮೇಲೆ ಬೇರೆಯವರ ಹೆಸರು. ಆಗದಿದ್ದರೆ "ಬರೀ ಮಾತು" ಅನ್ನುವ ಬಿರುದು ಇವರಿಗೆ.

ದೊಡ್ಡವರ ವಿಷಯ ಸಾಕು. ನಾನು ಇದನ್ನು ಹತ್ತಿರದಿಂದ ನೋಡಿದ್ದು ಒಂದು ಗ್ರಾಮ ಪಂಚಾಯತಿನಲ್ಲಿ. ಆಗ ಪತ್ರಿಕೆಯೊಂದಕ್ಕೆ ಸ್ಥಳೀಯ ಸುದ್ದಿ ಬರೆಯುತ್ತಿದ್ದೆ. ಆ ಪಂಚಾಯತಿನಲ್ಲಿ ಒಬ್ಬರು ಹಳೆಯ ಸದಸ್ಯರಿದ್ದರು. ಹೆಸರು ಬೇಡ. ಎಷ್ಟೋ ಸಲ ಗೆದ್ದಿದ್ದರು, ಒಮ್ಮೆಯೂ ಅಧ್ಯಕ್ಷರಾಗಿರಲಿಲ್ಲ. ಅವರ ಪಕ್ಷ ಆಡಳಿತದಲ್ಲಿದ್ದಾಗಲೂ ಅವರ ಜಾಗ ಕೊನೆಯ ಸಾಲಿನಲ್ಲಿ, ಕಿಟಕಿ ಹತ್ತಿರ. ಫ್ಯಾನಿನ ಗಾಳಿ ಅಲ್ಲಿಗೆ ಚೆನ್ನಾಗಿ ಬರುತ್ತದೆ ಅಂತ ಅವರೇ ನಗುತ್ತಿದ್ದರು.

ಅವತ್ತಿನ ಅಜೆಂಡಾದಲ್ಲಿ ಕುಡಿಯುವ ನೀರಿನ ಯೋಜನೆ ಇತ್ತು. ಕೊಳವೆಬಾವಿ, ಪಂಪ್‌ಹೌಸ್, ಟ್ಯಾಂಕ್. ಎಲ್ಲರಿಗೂ ಬೇಕಾದದ್ದೇ. ಚಹಾ ಮತ್ತು ಪಳಂಪೊರಿ ಬಂದಿತ್ತು, ಜನ ಅದರ ಗಮನದಲ್ಲಿದ್ದರು. ಇವರು ಕನ್ನಡಕ ಹಣೆಗೆ ಏರಿಸಿ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಕೇಳಿದರು: "ಪಂಪ್‌ಹೌಸ್ ಬರುವ ಜಾಗ ಯಾರದ್ದು?" ಒಬ್ಬ ಊರವರು ಬಿಟ್ಟುಕೊಡುತ್ತಾರೆ ಅಂತ ಉತ್ತರ ಬಂತು. "ಬಿಟ್ಟುಕೊಟ್ಟ ಪತ್ರ ಎಲ್ಲಿ?" ಪತ್ರ ಆಮೇಲೆ ಆಗುತ್ತದೆ, ಮಾತು ಆಗಿದೆ ಎಂದರು ಅಧ್ಯಕ್ಷರು. "ಪಂಚಾಯತಿನ ಹಣ ಮಾತಿನ ಮೇಲೆ ಹೋಗುವುದಾ?" ಸದ್ದು ಜೋರಾಯಿತು. ನೀರು ಬೇಡವಾ ನಿಮಗೆ ಅಂತ ಯಾರೋ ಕೂಗಿದರು. ಅವರ ಪಕ್ಷದವರೇ ಅಂಗಿ ಎಳೆದರು. ಅವರು ಕೂರಲಿಲ್ಲ. "ಯೋಜನೆಗೆ ನನ್ನ ವಿರೋಧ ಇಲ್ಲ. ಪತ್ರ ಆಗದೆ ಹಣ ಕೊಡುವುದಕ್ಕೆ ವಿರೋಧ. ಇದನ್ನು ಹೀಗೆಯೇ ಬರೆಯಿರಿ" ಎಂದರು. ಕಾರ್ಯದರ್ಶಿ ಬರೆದುಕೊಂಡರು. ಇವರು ಅಷ್ಟಕ್ಕೆ ಬಿಡದೆ ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು, ಮಿನಿಟ್ಸಿನ ಜೊತೆ ಇಡಲಿಕ್ಕೆ. ಆಮೇಲೆ ಪಳಂಪೊರಿ ತಿಂದರು.

ಯೋಜನೆ ಪಾಸಾಯಿತು. ಊರಲ್ಲಿ ಇವರಿಗೆ "ನೀರಿಗೆ ಅಡ್ಡಗಾಲು ಹಾಕಿದವರು" ಅಂತ ಹೆಸರಾಯಿತು. ಕೆಲವು ಸಮಯದ ನಂತರ ಆಡಿಟಿನವರು ಬಂದಾಗ ಆ ಹಾಳೆ ಅವರ ಕಣ್ಣಿಗೆ ಬಿತ್ತು. ಜಾಗದ ಪತ್ರ ಎಲ್ಲಿ ಅಂತ ಅವರೂ ಕೇಳಿದರು. ಉಳಿದ ಬಿಲ್ಲು ನಿಂತಿತು. ಅಷ್ಟರಲ್ಲಿ ಜಾಗದವರ ಮನೆಯಲ್ಲಿ ಪಾಲಿನ ತಕರಾರು ಶುರುವಾಗಿತ್ತು. ಹೇಗೋ ಓಡಾಡಿ ರಿಜಿಸ್ಟರ್ ಮಾಡಿಸಿದರು. ಪತ್ರ ಆಗದೆ ಹೋಗಿದ್ದರೆ ಆ ಪಂಪ್‌ಹೌಸಿಗೆ ಇವತ್ತು ಬೀಗ ಬಿದ್ದಿರುತ್ತಿತ್ತು. ಆ ಕೊನೆಯ ಸಾಲಿನವರು ಕೂಗದೆ, ಬರೀ ಆ ಹಾಳೆ ಕೊಟ್ಟಿದ್ದರೂ ಸಾಕಿತ್ತಾ? ಸಾಲದು ಅಂತ ನನಗನಿಸುತ್ತದೆ. ಕೂಗಿದ ಕಾರಣ ಕಾರ್ಯದರ್ಶಿಗೆ ಹಾಳೆಯನ್ನು ಕಡತದಿಂದ ಕಾಣೆ ಮಾಡುವ ಧೈರ್ಯ ಬರಲಿಲ್ಲ. ನಮ್ಮಂಥ ಒಬ್ಬಿಬ್ಬರು ಅದನ್ನು ಪತ್ರಿಕೆಯಲ್ಲಿ ಬರೆದಿದ್ದೆವು.

ಇದೇ ಮನುಷ್ಯ ಇನ್ನೊಂದು ಸಭೆಯಲ್ಲಿ, ಅಂಗನವಾಡಿ ಉದ್ಘಾಟನೆಯ ಆಮಂತ್ರಣದಲ್ಲಿ ತಮ್ಮ ಹೆಸರು ಚಿಕ್ಕ ಅಕ್ಷರದಲ್ಲಿ ಬಂದದ್ದಕ್ಕೆ ಅಷ್ಟೇ ಜೋರಾಗಿ ಕೂಗಿದ್ದರು. ಅರ್ಧ ಹೊತ್ತು ಅದರಲ್ಲೇ ಹೋಯಿತು. ಬಾಯಿ ಜೋರಿನವರ ದೊಡ್ಡ ರೋಗ ಇದು. ಎಲ್ಲಾ ವಿಷಯಕ್ಕೂ ಒಂದೇ ಸ್ವರ. ಪಂಪ್‌ಹೌಸಿಗೂ ಅದೇ, ಆಮಂತ್ರಣಕ್ಕೂ ಅದೇ. ವರ್ಷ ಹೋದ ಹಾಗೆ ಎದುರಿನವರಿಗೆ ಅದು ಅಭ್ಯಾಸ ಆಗಿಬಿಡುತ್ತದೆ. "ಅವರದ್ದು ಇದ್ದದ್ದೇ" ಅಂತ ನಗುತ್ತಾರೆ. ಮಂತ್ರಿ ಒಮ್ಮೆ ನಗಲು ಕಲಿತರೆ ಮುಗಿಯಿತು, ಆ ಸದಸ್ಯರ ಕೆಲಸ ಅಲ್ಲಿಗೆ ನಿಂತಿತು. ಈಗ ಮೊಬೈಲ್ ಬಂದ ಮೇಲಂತೂ ಅರ್ಧ ನಿಮಿಷದ ವಿಡಿಯೋಗೆ ಬೇಕಾದ ಹಾಗೆ ಕೂಗುವವರೇ ಜಾಸ್ತಿ. ಮಂತ್ರಿಯ ಉತ್ತರ ಆ ವಿಡಿಯೋದಲ್ಲಿ ಇರುವುದೇ ಇಲ್ಲ. ಅಲ್ವಾ?

ಜೋರು ಮಾತಾಡುವವರಿಗೆ ಇನ್ನೊಂದು ಅನುಕೂಲ ಬೇಕು, ಅದು ಗಟ್ಟಿ ಸೀಟು. ಸ್ಕಿನ್ನರ್‌ಗೆ ಹತ್ತಾರು ವರ್ಷ ಅದಿತ್ತು. ನಮ್ಮ ಮಂಜೇಶ್ವರ ನೋಡಿ. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಗೆದ್ದದ್ದು 89 ಮತಗಳಿಂದ. 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745ರಿಂದ. 89 ಮತ ಅಂದರೆ ಎರಡು ಕುಟುಂಬದ ಮದುವೆ ಊಟದ ಪಂಕ್ತಿಯಷ್ಟೂ ಇಲ್ಲ. ಅಂಥ ಕಡೆ ಶಾಸಕರು ಯಾರ ಮನಸ್ಸನ್ನೂ ನೋಯಿಸಲಿಕ್ಕೆ ಹೋಗುವುದಿಲ್ಲ. ಉರೂಸಿಗೂ ಹೋಗಬೇಕು, ಬ್ರಹ್ಮಕಲಶಕ್ಕೂ ಹೋಗಬೇಕು, ಕಂಬಳಕ್ಕೂ ಹೋಗಬೇಕು. ಅಶ್ರಫ್ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ನಮಗೆಲ್ಲಾ ಖುಷಿ ಆಯಿತು, ವಾಟ್ಸಾಪಿನಲ್ಲಿ ಹಂಚಿಕೊಂಡದ್ದೇ ಹಂಚಿಕೊಂಡದ್ದು. 1967ರಲ್ಲಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದಾಗಲೂ ಹೀಗೇ ಸಂಭ್ರಮ. ಪ್ರಮಾಣವಚನ ಒಂದು ನಿಮಿಷದ್ದು. ಉಳಿದದ್ದು ಐದು ವರ್ಷ.

ಜೋರು ಮಾತಿಗೆ ಬೆಲೆಯನ್ನೂ ತೆರಬೇಕಾಗುತ್ತದೆ, ಅದನ್ನು ತೆರುವುದು ಕ್ಷೇತ್ರ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ, ಪೆರ್ಲ ಕಡೆಗೆ ಬಸ್ಸಿನಲ್ಲಿ ಓಡಾಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ವರ್ಷಗಟ್ಟಲೆ ಹೊಂಡ ಎಣಿಸಿಕೊಂಡು ಹೋದ ರಸ್ತೆ ಅದು. ಲೋಕೋಪಯೋಗಿ ಮಂತ್ರಿಯ ಜೊತೆ ದಿನಾ ಜಗಳ ಆಡುವವರಿಗೆ ಡಾಂಬರು ಬೇಗ ಸಿಗುತ್ತದಾ? ಇಲ್ಲ. ಮಂತ್ರಿಯ ಕೋಣೆಗೆ ಹೋಗಿ ನಗುನಗುತ್ತಾ ಚಹಾ ಕುಡಿದು ಬರುವವರಿಗೆ ಮೊದಲು. ಮಂಜೇಶ್ವರದಿಂದಲೂ ಮಂತ್ರಿಗಳಾದವರಿದ್ದಾರೆ. ಎ. ಸುಬ್ಬರಾವ್ 1980ರಲ್ಲಿ ನೀರಾವರಿ ಮಂತ್ರಿ, ಚೆರ್ಕಳಂ ಅಬ್ದುಲ್ಲ 2001ರಲ್ಲಿ ಸ್ಥಳೀಯಾಡಳಿತ ಮಂತ್ರಿ. ಮಂತ್ರಿ ಇದ್ದ ಕಾಲವನ್ನು ಜನ ಸೇತುವೆ, ಕಟ್ಟಡ ತೋರಿಸಿ ನೆನಪಿಸಿಕೊಳ್ಳುತ್ತಾರೆ. ಅದನ್ನು ತಳ್ಳಿಹಾಕಲಿಕ್ಕೆ ನನಗೆ ಮನಸ್ಸಿಲ್ಲ. ಹೊಂಡದಲ್ಲಿ ಆಂಬ್ಯುಲೆನ್ಸ್ ಕುಣಿಯುವಾಗ ಒಳಗೆ ಮಲಗಿದವರಿಗೆ ಸದನದ ಕಡತ ಬೇಡ, ರಸ್ತೆ ಬೇಕು.

ಆದರೆ ಕೆಲವು ವಿಷಯ ಚಹಾ ಕುಡಿದು ಸರಿಯಾಗುವುದಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ್ದು ಅಂಥದ್ದು. ಪ್ಲಾಂಟೇಶನ್ ಕಾರ್ಪೊರೇಶನ್ ಸರಕಾರದ್ದೇ. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ವಿಷ ಸುರಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೂ. ಅಷ್ಟು ಕಾಲ ಎರಡೂ ರಂಗದ ಸರಕಾರಗಳು ಬಂದು ಹೋದವು. ಮೊದಲು ಕೂಗಿದವರು ಶಾಸಕರಲ್ಲ. ಪಡ್ರೆಯ ವೈದ್ಯ ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ, ಕೃಷಿ ಇಲಾಖೆಯಲ್ಲಿದ್ದುಕೊಂಡೇ ಕೋರ್ಟಿಗೆ ಹೋದ ಲೀಲಾಕುಮಾರಿ ಅಮ್ಮ, ಇಂಥವರು. ರಾಜಕೀಯದ ಒಳಗೆ ಅದನ್ನು ಹೊತ್ತವರಲ್ಲಿ ವಿ.ಎಸ್. ಅಚ್ಯುತಾನಂದನ್ ಹೆಸರು ಬಿಡಲಿಕ್ಕಾಗುವುದಿಲ್ಲ. ಅವರನ್ನು ಹಿಂದಿನ ಸಾಲಿನವರು ಅನ್ನುವುದು ಸರಿಯಲ್ಲ, ವಿರೋಧ ಪಕ್ಷದ ನಾಯಕರಾಗಿದ್ದವರು, ಮುಖ್ಯಮಂತ್ರಿ ಆದವರು. ಆದರೂ ಸ್ವಂತ ಪಕ್ಷದೊಳಗೆ ಅವರ ಬಾಳು ಹಿಂದಿನ ಸಾಲಿನವರದ್ದೇ. ಮುಖ್ಯಮಂತ್ರಿಯಾಗಿ ಇರುವಾಗಲೇ, 2009ರಲ್ಲಿ, ಅವರನ್ನು ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದಿಂದ ತೆಗೆದರು.

ವಿರೋಧದಲ್ಲಿದ್ದಾಗ ಕಾಸರಗೋಡಿಗೆ ಬಂದು ಸಂತ್ರಸ್ತರ ಮನೆಗಳ ಅಂಗಳದಲ್ಲಿ ಕೂತರು. 2006ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಸತ್ತವರ ಕುಟುಂಬಗಳಿಗೆ ನೆರವು ಕೊಟ್ಟರು. ಕೊಟ್ಟ ಹಣ ದೊಡ್ಡದಲ್ಲ. ಆದರೆ ಸರಕಾರ ಹಣ ಕೊಟ್ಟಿತು ಅಂದರೆ ಸರಕಾರ ಒಪ್ಪಿಕೊಂಡಿತು ಅಂತ. ಅಲ್ಲಿಯವರೆಗೆ ಸರಕಾರದ ಕಡತ ಒಪ್ಪಿರಲಿಲ್ಲ. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ, ಇಂಥ ವಿಷಗಳಿಗೆ ತಡೆ ಹಾಕುವ ಸ್ಟಾಕ್‌ಹೋಮ್ ಒಪ್ಪಂದದ ಸಭೆ ನಡೆಯುವಾಗ ಮುಖ್ಯಮಂತ್ರಿಯೇ ತಿರುವನಂತಪುರದಲ್ಲಿ ಉಪವಾಸ ಕೂತರು. ಅದು ನಾಟಕ ಅಂದವರೂ ಇದ್ದಾರೆ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹೇರಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಎಂದಿತು. ಮೂರು ತಿಂಗಳು ಅಂದದ್ದು ಐದು ವರ್ಷಕ್ಕೆ ಎಳೆಯಿತು, 2022ರಲ್ಲಿ ಕೋರ್ಟ್ ಮತ್ತೆ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಕೋರ್ಟಿನ ಕಾಗದವನ್ನೂ ಯಾರಾದರೂ ಹಿಂಬಾಲಿಸುತ್ತಾ ಇರಬೇಕು, ಇಲ್ಲದಿದ್ದರೆ ಅದೂ ಮಲಗುತ್ತದೆ.

ಸದನದ ಪ್ರಶ್ನೆ ಕೇಳುವ ರೀತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೇರಳ ವಿಧಾನಸಭೆಯ ಪ್ರಶ್ನೋತ್ತರದ ಹಾಳೆಗಳು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ನನಗೆ ಅದನ್ನು ಓದುವ ಚಟ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯಲ್ಲಿ ಎ, ಬಿ, ಸಿ ಅಂತ ಭಾಗಗಳು. ಒಬ್ಬರು ಹೀಗೆ ಕೇಳುತ್ತಾರೆ ಅಂತ ಇಟ್ಟುಕೊಳ್ಳಿ: "ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಅನ್ಯಾಯ ಆಗುತ್ತಿರುವುದು ಸರಕಾರದ ಗಮನಕ್ಕೆ ಬಂದಿದೆಯೇ?" ಬಲಗಡೆ ಒಂದೇ ಸಾಲು: ಗಮನಕ್ಕೆ ಬಂದಿಲ್ಲ. ಮುಗಿಯಿತು. ಭಾಷಣಕ್ಕೆ ಚೆನ್ನಾಗಿರುವ ಪ್ರಶ್ನೆ, ಉತ್ತರಿಸಲಿಕ್ಕೆ ಅದಕ್ಕಿಂತ ಸುಲಭ. ಇನ್ನೊಬ್ಬರು ಹೀಗೆ ಕೇಳಬಹುದು: "ಯಾವ ಶಾಲೆಯಲ್ಲಿ ಯಾವ ವಿಷಯದ ಹುದ್ದೆ, ಯಾವ ದಿನದಿಂದ ಖಾಲಿ? ನೇಮಕಾತಿ ನಡೆಸುವ ಪಿಎಸ್‌ಸಿಗೆ ವರದಿ ಮಾಡಿದ್ದು ಯಾವ ದಿನ? ಈಗ ಅಲ್ಲಿ ಇರುವ ಅಧ್ಯಾಪಕರು ಕನ್ನಡ ಮಾಧ್ಯಮದಲ್ಲಿ ಕಲಿತವರೇ?" ಇದಕ್ಕೆ "ಗಮನಕ್ಕೆ ಬಂದಿಲ್ಲ" ಅನ್ನಲಿಕ್ಕಾಗುವುದಿಲ್ಲ. ಇಲಾಖೆಯ ಗುಮಾಸ್ತರು ಕೂತು ಪಟ್ಟಿ ಮಾಡಬೇಕು. ಆ ಪಟ್ಟಿ ಹಿಡಿದುಕೊಂಡು ಪೋಷಕರು ಹೈಕೋರ್ಟಿಗೆ ಹೋಗಬಹುದು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಕಳಿಸಿದ ಗಲಾಟೆ ನಮ್ಮಲ್ಲಿ ಎಷ್ಟು ಸಲ ಆಗಿದೆ ಅಂತ ಎಲ್ಲರಿಗೂ ಗೊತ್ತು. 2017ರಲ್ಲಿ ಮಲಯಾಳ ಕಡ್ಡಾಯ ಕಾಯ್ದೆ ಬಂದಾಗ ನಾವು ಬೀದಿಗಿಳಿದೆವು, ಅದೂ ಬೇಕಿತ್ತು. ಆದರೆ ಎರಡನೆಯವರ ಪ್ರಶ್ನೆಯಂಥದ್ದು ಪ್ರತಿ ಅಧಿವೇಶನದಲ್ಲೂ ಬೀಳುತ್ತಾ ಇರಬೇಕು.

ಮೂರನೆಯ ಉತ್ತರವೂ ಒಂದುಂಟು, "ವಿವರ ಸಂಗ್ರಹಿಸಲಾಗುತ್ತಿದೆ." ಇದು ಬಂದರೆ ಹೊಸ ಸದಸ್ಯರು ಸುಮ್ಮನಾಗುತ್ತಾರೆ. ಹಳಬರು ಮುಂದಿನ ಅಧಿವೇಶನದಲ್ಲಿ ಹಳೆಯ ಪ್ರಶ್ನೆಯ ನಂಬರು ಹಾಕಿ, ಸಂಗ್ರಹ ಮುಗಿಯಿತೇ ಎಂದು ಕೇಳುತ್ತಾರೆ. ಹಳಬರನ್ನು ಸದನದಲ್ಲಿ ಇಟ್ಟುಕೊಳ್ಳಲಿಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ. ಇದಕ್ಕೆ ಗುಡುಗು ಬೇಡ, ಡೈರಿ ಸಾಕು.

ಪಕ್ಷಾಂತರ ನಿಷೇಧ ಬಂದದ್ದು 1985ರಲ್ಲಿ. ವಿಪ್, ಅಂದರೆ ಪಕ್ಷದ ಅಪ್ಪಣೆ, ಮೀರಿ ಮತ ಹಾಕಿದರೆ ಸೀಟು ಹೋಗುತ್ತದೆ. ಅದರಿಂದ ಹಿಂದಿನ ಸಾಲಿನವರ ಕೈ ಕಟ್ಟಿತು ಅನ್ನುತ್ತಾರೆ. ಕೈ ಕಟ್ಟಿದ್ದು ನಿಜ. ಆದರೆ ಪ್ರಶ್ನೆ ಕೇಳಲಿಕ್ಕೆ ವಿಪ್ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮುಂದಿನ ಸಲದ ಟಿಕೆಟ್ಟಿನ ಆಸೆ. ಆ ಆಸೆ ಬಿಟ್ಟ ವಯಸ್ಸಿನವರಿಗೆ ಮಾತ್ರ ನಾಲಿಗೆ ಪೂರ್ತಿ ಬಿಡುಗಡೆ. ಕೆಲವರಿಗೆ ಅದು ಎಂಬತ್ತರಲ್ಲೂ ಬಿಡುವುದಿಲ್ಲ, ಆ ಮಾತು ಬೇರೆ.

ಕಳೆದ ಡಿಸೆಂಬರಿನ ಪಂಚಾಯತ್ ಚುನಾವಣೆಗೆ ಮತ ಕೇಳಲು ಒಬ್ಬ ಅಭ್ಯರ್ಥಿ ಮನೆಗೆ ಬಂದಿದ್ದರು. ಹಳೆಯ ಸದಸ್ಯರೇ. ಕೈಯಲ್ಲಿ ಬಣ್ಣದ ನೋಟೀಸು: ಹೈಮಾಸ್ಟ್ ದೀಪ, ಬಸ್ ತಂಗುದಾಣ, ಕಾಂಕ್ರೀಟ್ ರಸ್ತೆ, ಎಲ್ಲದರ ಫೋಟೋ. ಐದು ವರ್ಷದಲ್ಲಿ ಒಂದಾದರೂ ಭಿನ್ನಮತದ ಟಿಪ್ಪಣಿ ಬರೆದುಕೊಟ್ಟಿದ್ದೀರಾ ಅಂತ ಕೇಳಿದೆ. ಅವರಿಗೆ ನಗು ಬಂತು. "ಅದನ್ನು ನೋಟೀಸಿನಲ್ಲಿ ಹಾಕಲಿಕ್ಕೆ ಆಗುತ್ತದಾ ಸರ್?" ಅಂದರು. ಅವರು ಹೇಳಿದ್ದು ಸರಿಯೇ. ಆ ಪಂಪ್‌ಹೌಸಿನ ಗೋಡೆಯ ಮೇಲಿನ ಫಲಕದಲ್ಲೂ ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ, ಉಪಸ್ಥಿತರಿದ್ದವರ ಹೆಸರೆಲ್ಲಾ ಇದೆ. ಪತ್ರ ಕೇಳಿದವರದ್ದು ಇಲ್ಲ.